ಗುಣ, ದೋಷ ಮತ್ತು ಅತ್ತೆಯವರ ಸಹಿ

ಕಾಗದದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಗುಣ, ಬಲಕ್ಕೆ ದೋಷ ಎಂದು ಬರೆಯದೆ ತೀರ್ಮಾನ ಮಾಡಿದವನು ಉದ್ಧಾರವಾದದ್ದನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಬೀದಿದೀಪಗಳ ನಿರ್ವಹಣಾ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಟಿಪ್ಪಣಿ ಬರೆಯುತ್ತಿದ್ದೇನೆ. ಅಲ್ಲಿ ನನ್ನನ್ನು ಟಿಪ್ಪಣಿರಾಯರು ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಎನ್ನುತ್ತಾರಂತೆ. ಅದು ಲಿಖಿತ ರೂಪದಲ್ಲಿ ಬಂದಿಲ್ಲವಾದ್ದರಿಂದ ನಾನು ಗಣನೆಗೆ ತೆಗೆದುಕೊಂಡಿಲ್ಲ.

ಮನೆಯಲ್ಲೂ ಇದೇ ಶಿಸ್ತು. ವಾಷಿಂಗ್ ಮೆಷಿನ್ ಕೊಳ್ಳುವ ಬಗ್ಗೆ ನಾನು ಬರೆದ ಟಿಪ್ಪಣಿ ಹದಿನಾಲ್ಕು ಪುಟವಾಗಿತ್ತು. ಅದು ಮುಗಿಯುವ ಹೊತ್ತಿಗೆ ಕಂಪನಿಯವರು ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಅವಸರಪಟ್ಟು ಕೊಂಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಹೆಂಡತಿಯನ್ನು ಕೇಳಿದೆ. ಅವಳು ಆಗ ಬಟ್ಟೆ ಒಗೆಯುತ್ತಿದ್ದಳು.

ಅವಳು ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೇ ಹೊರಟು, ಹಾಸಿಗೆ ಹಿಡಿದವರ, ವಯಸ್ಸಾದವರ ಮನೆಗೆ ಹೋಗಿ ರಕ್ತ ತೆಗೆದು, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು, ಎರಡು ಬಸ್ಸು ಬದಲಾಯಿಸಿ ಲ್ಯಾಬಿಗೆ ತಲುಪಿಸಬೇಕು. ಬಸ್ಸು ತಡವಾದರೆ ಸ್ಯಾಂಪಲ್ ಕೆಡುತ್ತದೆ. ಕೆಟ್ಟರೆ ಮತ್ತೆ ಅದೇ ಮನೆಗೆ ಹೋಗಿ, ಅದೇ ತೋಳಿಗೆ ಚುಚ್ಚಿ, ಬೈಸಿಕೊಂಡು ಬರಬೇಕು. ಅವಳು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು. ಗಾಡಿಯೊಂದೇ ಬಾಕಿ.

ಅವಳು ಹೋಗುವ ಮನೆಗಳಲ್ಲಿ ಒಂದು ವಯಸ್ಸಾದ ಹಲ್ಲಿನ ಡಾಕ್ಟರದ್ದು. ಅವರು ಊರು ಬಿಟ್ಟು ಮಗಳ ಬಳಿ ಹೋಗುವವರಿದ್ದರು. ಎರಡು ವರ್ಷ ಓಡಿಸಿದ ಎಲೆಕ್ಟ್ರಿಕ್ ಗಾಡಿಯೊಂದು ಅವರಲ್ಲಿತ್ತು. ಕ್ರಾಸ್‌ಓವರ್ ಎಸ್‌ಯುವಿ ಎನ್ನುತ್ತಾರಂತೆ. ನೋಡಲು ಕಾರಿಗಿಂತ ಎತ್ತರ, ಜೀಪಿಗಿಂತ ಸಭ್ಯ.

"ಶನಿವಾರ ಸಂಜೆ ನಾಲ್ಕರವರೆಗೆ ನಿಮಗೇ ಅಂತ ಇಟ್ಕೊಂಡಿರ್ತೀನಮ್ಮ. ಆಮೇಲೆ ಬೇಕರಿಯವರಿಗೆ ಕೊಟ್ಟುಬಿಡ್ತೀನಿ, ಅವರು ದಿನಾ ಫೋನ್ ಮಾಡ್ತಾರೆ," ಎಂದು ಹೇಳಿ, ಡಾಕ್ಟರು ಗಾಡಿಯ ನೋಂದಣಿ ಪತ್ರವನ್ನೂ ತಾವು ಸಹಿ ಹಾಕಿದ್ದ ವರ್ಗಾವಣೆ ಅರ್ಜಿಯನ್ನೂ ನಂಬಿಕೆಯ ಮೇಲೆ ಅವಳ ಕೈಗೇ ಕೊಟ್ಟಿದ್ದರು. ಭಾನುವಾರ ಅವಳು ಅವನ್ನು ನನ್ನ ಮುಂದಿಟ್ಟಳು.

"ಒಂದ್ಸಲ ನೋಡಿ. ಸರಿ ಇದೆ ಅಂದ್ರೆ ನಾಳೆ ಮುಗಿಸಿಬಿಡೋಣ," ಎಂದಳು.

ಇಂಥ ದೊಡ್ಡ ವಿಷಯವನ್ನು ನಾಳೆ ಮುಗಿಸುವುದೆಂದರೆ ಏನು? ನಾನು ಕೂಡಲೇ ಒಂದು ಕಡತ ತೆರೆದೆ. ಡಾಕ್ಟರ ಕಾಗದಗಳಿಗೆ ತೂತು ಹೊಡೆದು, ದಾರ ಪೋಣಿಸಿ, 'ಅನುಬಂಧ ಒಂದು' ಎಂದು ಬರೆದು ಒಳಗೆ ಸೇರಿಸಿದೆ. ಮೂಲ ದಾಖಲೆ ಕಡತದೊಳಗೆ ಇರುವಷ್ಟು ಭದ್ರವಾಗಿ ಇನ್ನೆಲ್ಲೂ ಇರುವುದಿಲ್ಲ. ಈ ಮಾತು ಎಷ್ಟು ನಿಜವೆಂದು ಆಮೇಲೆ ತಿಳಿಯಿತು.

ಸೋಮವಾರ ಸಂಜೆ ಡಾಕ್ಟರು ಗಾಡಿಯನ್ನು ನಮ್ಮ ಕಟ್ಟಡದ ಮುಂದೆ ತಂದು ನಿಲ್ಲಿಸಿದರು. ನಾನು ಕಡತ ಹಿಡಿದು ಇಳಿದೆ. ನಮ್ಮ ಜೊತೆಯಲ್ಲೇ ಇರುವ ಅತ್ತೆ ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಹತ್ತೋಕೇನೋ ಚೆನ್ನಾಗಿದೆ ಡಾಕ್ಟ್ರೇ, ಬಗ್ಗಬೇಕಾಗಿಲ್ಲ. ಆದ್ರೆ ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತೆ."

"ಕೆಳಗೆ ಬ್ಯಾಟರಿ ಇದೆಯಮ್ಮ. ಅದಕ್ಕೇ ನೆಲ ಸ್ವಲ್ಪ ಎತ್ತರ."

"ಬ್ಯಾಟರಿಗೆ ಕಾಲು ಚಾಚೋಕೆ ಜಾಗ ಕೊಟ್ಟಿದಾರೆ, ನನಗಿಲ್ಲ."

ನಾನು ಎರಡನ್ನೂ ಬರೆದುಕೊಂಡೆ. ಎಡಕ್ಕೆ ಹತ್ತುವುದು, ಬಲಕ್ಕೆ ಕೂರುವುದು. ಕೆಳಗೆ ಸಹಿ ಹಾಕಿ ಎಂದು ಪೆನ್ನು ಕೊಟ್ಟರೆ ಅತ್ತೆ ಒಪ್ಪಲಿಲ್ಲ.

"ಮುಂದಿನ ಸೀಟಲ್ಲಿ ಕೂತು ನೋಡದೆ ನಾನು ಸಹಿ ಹಾಕಲ್ಲ ಅಳಿಯಂದಿರೇ. ಅರ್ಧ ಗಾಡಿ ನೋಡಿ ಪೂರ್ತಿ ಸಹಿ ಯಾಕೆ ಹಾಕಲಿ?"

ಮುಂದಿನ ಸೀಟು ಖಾಲಿ ಇರಲಿಲ್ಲ. ಮೇಲಿನ ಮನೆಯ ನಿವೃತ್ತ ಭೂಗೋಳದ ಮೇಷ್ಟ್ರು ಅದರಲ್ಲಿ ಕೂತು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು, ಕೈವಾರದಿಂದ ವೃತ್ತ ಎಳೆಯುತ್ತಿದ್ದರು. ಒಮ್ಮೆ ಚಾರ್ಜ್ ಮಾಡಿದರೆ ಗಾಡಿ ಎಷ್ಟು ದೂರ ಹೋಗುತ್ತದೆ ಎಂದು ಡಾಕ್ಟರನ್ನು ಕೇಳಿ, ಅದರಲ್ಲಿ ಅರ್ಧ ತೆಗೆದುಕೊಂಡು, ನಮ್ಮ ಕಟ್ಟಡವನ್ನು ನಡುವಿಟ್ಟು ಎಳೆದ ವೃತ್ತ ಅದು. ಅದರೊಳಗಿನ ಎಲ್ಲ ಊರಿಗೂ ಹೋಗಿ ಬರಬಹುದು. ಅವರ ತಮ್ಮನ ಊರು ಮಾತ್ರ ಪೆನ್ಸಿಲ್ ಗೆರೆಯಷ್ಟು ಅಂತರದಲ್ಲಿ ವೃತ್ತದ ಹೊರಗೆ ಬಿತ್ತು. ನಾನು ಇದನ್ನು ದೋಷವೆಂದು ಬರೆಯಹೊರಟೆ. ಮೇಷ್ಟ್ರು ನನ್ನ ಕೈ ಹಿಡಿದು, ಗುಣದ ಕಡೆಗೆ ಬರೆಸಿದರು.

ಈ ನಡುವೆ ಹೆಂಡತಿ ಎಲ್ಲರನ್ನೂ ಇಳಿಸಿ ಒಂದು ಸುತ್ತು ಓಡಿಸಿಕೊಂಡು ಬಂದಳು. ಇಳಿದವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೈಸನ್ನೆ ಮಾಡಿ ತಡೆದೆ. ಆಗ ವಾಚ್‌ಮನ್ ಚಕ್ರಗಳ ಬಗ್ಗೆ ಬಹಳ ಮುಖ್ಯವಾದ ಮಾತು ಹೇಳುತ್ತಿದ್ದ. ಬ್ಯಾಟರಿಯ ಭಾರಕ್ಕೆ ಟಯರು ಬೇಗ ಸವೆಯುತ್ತದಂತೆ, ಸ್ಟೆಪ್ನಿ ಬೇರೆ ಇಲ್ಲವಂತೆ. ಮೇಷ್ಟ್ರು ಮರಳಿ ಮುಂದಿನ ಸೀಟು ಹಿಡಿದರು.

ಮಂಗಳವಾರ ಕ್ಷೌರಿಕನ ಹತ್ತಿರ ಹೋದೆ. ಅವನು ಗಾಡಿ ನೋಡಿರಲಿಲ್ಲ. ಆದರೆ ಕನ್ನಡಿಯ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಅವನನ್ನು ಬಿಟ್ಟರೆ ಇನ್ನು ಯಾರಿದ್ದಾರೆ? "ಪಕ್ಕದ ಕನ್ನಡಿ ದೊಡ್ಡದಿರ್ಬೇಕು ಸಾರ್. ಚಿಕ್ಕದಾದ್ರೆ ಗಿರಾಕಿಗೆ ಸಮಾಧಾನ ಆಗಲ್ಲ," ಎಂದ. ಅದನ್ನೂ ಬರೆದುಕೊಂಡೆ. ಹೀಗೆ ಅಳೆದೂ ಸುರಿದೂ ಹನ್ನೊಂದು ಜನರ ಅಭಿಪ್ರಾಯ ಸಂಗ್ರಹವಾಯಿತು. ಎಲ್ಲರೂ ಸಹಿ ಹಾಕಿದರು, ಅತ್ತೆಯೊಬ್ಬರನ್ನು ಬಿಟ್ಟು.

ಬುಧವಾರ ಕಡತವನ್ನು ಕಚೇರಿಗೆ ಒಯ್ದೆ. ಮನೆಯಲ್ಲಿ ಶುದ್ಧಪ್ರತಿ ಬರೆಯುವಂತಿರಲಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಮೊಣಕಾಲಿನ ಪ್ಯಾರಾವನ್ನು ದೊಡ್ಡದು ಮಾಡಿಸುತ್ತಿದ್ದರು. ಊಟದ ಬಿಡುವಿನಲ್ಲಿ ಬರೆದು ಮುಗಿಸಿದಾಗ ಇಪ್ಪತ್ತಾರು ಪುಟವಾಗಿತ್ತು. ಕೊನೆಯ ಸಾಲಿಗೆ ಬಂದಾಗ ಕೈ ತಾನಾಗಿ ಓಡಿತು. 'ಪರಿಶೀಲನೆಗಾಗಿ ಹಾಗೂ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು, ಸಹಿ ಮಾಡಿ, ದಿನಾಂಕ ಹಾಕಿ, ಕೆಂಪು ದಾರ ಬಿಗಿದು, ಕೈ ತೊಳೆಯಲು ಹೋದೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಕಡತವನ್ನೂ ಹಾಗೇ ಮುಗಿಸಿದ್ದೇನೆ. ಕೈಗೆ ಬೇರೆ ರೀತಿ ಗೊತ್ತಿಲ್ಲ.

ನಮ್ಮ ಜವಾನ ಮೂವತ್ತು ವರ್ಷದ ಅನುಭವಿ. ಅವನಿಗೆ ಓದು ಬರಹ ಬರುತ್ತದೆ, ಆದರೆ ಅದನ್ನು ಕಡತದ ಮೇಲೆ ಪ್ರಯೋಗಿಸುವುದಿಲ್ಲ. ದಾರ ಬಿಚ್ಚಿದ್ದರೆ ಮೇಜಿನ ಮೇಲಿರಬೇಕು, ದಾರ ಕಟ್ಟಿದ್ದರೆ ಹೋಗಬೇಕು. ಇಷ್ಟೇ ಅವನ ಶಾಸ್ತ್ರ. ನಾನು ಕೈ ಒರೆಸಿಕೊಂಡು ಬಂದಾಗ ಮೇಜು ಖಾಲಿಯಾಗಿತ್ತು.

"ಇಲ್ಲಿದ್ದ ಕಡತ ಎಲ್ಲಪ್ಪಾ?"

"ಹೋಯ್ತಲ್ಲ ಸಾರ್."

"ಎಲ್ಲಿಗೆ?"

"ಮೇಲಕ್ಕೆ."

ಬೇರೆ ಕಡೆ ಈ ಮಾತನ್ನು ಯಾರಾದರೂ ಸತ್ತಾಗ ಆಡುತ್ತಾರೆ. ನಮ್ಮ ಕಚೇರಿಯಲ್ಲೂ ಅರ್ಥ ಹೆಚ್ಚು ಬೇರೆಯಲ್ಲ. ನಾನು ಮೆಟ್ಟಿಲು ಹಾರಿಕೊಂಡು ಮೇಲ್ವಿಚಾರಕರ ಕೋಣೆಗೆ ಓಡಿದೆ. ಅವರು ಆಗತಾನೆ ಮಾಡಿದ ಸಹಿಯ ಮೇಲೆ ಉಫ್ ಎಂದು ಊದಿ ಒಣಗಿಸುತ್ತಿದ್ದರು.

"ಸಾರ್, ಆ ಕಡತ ತಪ್ಪಿ ಬಂದಿದೆ."

"ಯಾವ್ದ್ರೀ, ಎಲೆಕ್ಟ್ರಿಕ್ ವಾಹನದ್ದಾ? ಬಹಳ ಚೆನ್ನಾಗಿ ಬರ್ದಿದೀರಿ. ಇಪ್ಪತ್ತಾರು ಪುಟ."

"ಓದಿದ್ರಾ ಸಾರ್?"

"ಎಣಿಸಿದೆ."

"ಸಾರ್, ಅದು ನನ್ನ ಸ್ವಂತದ್ದು."

"ನಿಮ್ಮಲ್ಲಿ ನಂಗೆ ಹಿಡಿಸೋದೇ ಅದು. ಬೇರೆಯವರು ಆಫೀಸ್ ಕೆಲಸ ಅಂತ ಮಾಡ್ತಾರೆ, ನೀವು ಸ್ವಂತದ್ದು ಅಂತ ಮಾಡ್ತೀರಿ."

"ಹಾಗಲ್ಲ ಸಾರ್, ಅದರೊಳಗೆ ಮೂಲ ದಾಖಲೆ ಇದೆ. ಶನಿವಾರದೊಳಗೆ ನನಗೆ ವಾಪಸ್ ಬೇಕು."

ಮೇಲ್ವಿಚಾರಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೇಲೆ ಹೋದ ಕಡತ ತೀರ್ಮಾನ ಆಗದೆ ಕೆಳಗೆ ಬರಬಾರದು ಅಂತ ನಿಯಮ ಇದೆ. ಆ ನಿಯಮಕ್ಕೆ ಟಿಪ್ಪಣಿ ಬರೆದೋರು ಯಾರು?"

ಬರೆದವನು ನಾನೇ. ಆರು ವರ್ಷದ ಹಿಂದೆ, ಒಂಬತ್ತು ಪುಟ, ಗುಣದ ಕಡೆಗೇ ಹೆಚ್ಚು ಅಂಶಗಳು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ಕೆಳಗಿಳಿದು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಕಡತ 'ಟಿಪ್ಪಣಿ ಸಮಗ್ರವಾಗಿದೆ, ತಾಂತ್ರಿಕ ಅಭಿಪ್ರಾಯಕ್ಕೆ' ಎಂಬ ಷರಾ ಹೊತ್ತು ಎಂಜಿನಿಯರ ಕೋಣೆಗೆ ಹೋಯಿತು.

ಅಂದು ಸಂಜೆ ಹೆಂಡತಿ ಕೇಳಿದಳು. "ಕಾಗದ ನೋಡಿದ್ರಾ?"

"ನೋಡಿದೆ."

"ಸರಿ ಇದೆಯಾ?"

"ಪರಿಶೀಲನೆಯಲ್ಲಿದೆ."

"ಯಾರ ಹತ್ರ?"

"ಮೇಲಿನವರ ಹತ್ರ."

ಅವಳು ಒಮ್ಮೆ ಸೂರು ನೋಡಿ, ನೇರ ಮೇಲಿನ ಮನೆಗೆ ಹೋಗಿ ಮೇಷ್ಟ್ರನ್ನು ಕಾಗದ ಕೇಳಿದಳು. ತಮ್ಮ ಅಭಿಪ್ರಾಯಕ್ಕೆ ಇಷ್ಟು ಬೆಲೆಯಿದೆ ಎಂದು ತಿಳಿದು ಮೇಷ್ಟ್ರಿಗೆ ಸಂತೋಷವಾಯಿತು. ಪರಿಶೀಲನೆ ಮುಂದುವರಿದಿದೆ ಎಂದು ಹೇಳಿ, ಕೈವಾರ ಹುಡುಕತೊಡಗಿದರಂತೆ. ಕೆಳಗೆ ಬಂದವಳು ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಕೂಡಲೇ ಸ್ನಾನಕ್ಕೆ ಹೋದೆ.

ಗುರುವಾರ ಎಂಜಿನಿಯರೇ ನನ್ನನ್ನು ಕರೆಸಿದರು. ಅವರು ದೀಪದ ಕಂಬಗಳನ್ನು ಬಿಟ್ಟು ಬೇರೆ ಏನನ್ನೂ ಹದಿನೈದು ವರ್ಷದಿಂದ ನೋಡಿದವರಲ್ಲ. ಅಂಥವರ ಮುಂದೆ ನನ್ನ ಕಡತ ಬಿಚ್ಚಿಕೊಂಡು ಬಿದ್ದಿತ್ತು, ಅದೂ ನಕ್ಷೆಯ ಪುಟಕ್ಕೇ. ಅವರ ಕಣ್ಣಲ್ಲಿ ಹೊಳಪು.

"ಈ ವೃತ್ತ ಎಳೆದೋರು ಯಾರ್ರೀ?"

"ಮೇಲಿನ ಮನೆ ಮೇಷ್ಟ್ರು ಸಾರ್."

"ಹೊರಗಿನ ತಜ್ಞರು ಅಂತ ಬರೀರಿ. ಒಂದು ಸಣ್ಣ ತಪ್ಪಿದೆ, ಚಳಿಗಾಲದಲ್ಲಿ ಬ್ಯಾಟರಿ ಸೊರಗುತ್ತೆ, ವೃತ್ತ ಚಿಕ್ಕದಾಗಬೇಕು. ಅದಿರ್ಲಿ. ದೋಷದ ಕಡೆ ನೀವು ಬರ್ದಿದೀರಲ್ಲ, ಚಾರ್ಜ್ ಮಾಡೋಕೆ ಅಡುಗೆಮನೆ ಕಿಟಕಿಯಿಂದ ವೈರ್ ಇಳಿಸ್ಬೇಕು ಅಂತ. ಯಾವ ಅಡುಗೆಮನೆ?"

"ನಮ್ಮನೇದು ಸಾರ್. ಅದನ್ನೇ ನಾನು ಹೇಳೋಕೆ..."

"ಬೇಡ. ಅಡುಗೆಮನೆ ಯಾಕೆ ಬೇಕು? ನಮ್ಮ ಹತ್ರ ಹನ್ನೊಂದು ಸಾವಿರ ಕಂಬ ಇದೆ. ಯಾವ ಕಂಬಕ್ಕೆ ಬೇಕಾದ್ರೂ ಗಾಡಿ ಚುಚ್ಚಬಹುದು."

"ಚುಚ್ಚಿದ್ರೆ ದೀಪ ಉರಿಯುತ್ತಾ ಸಾರ್?"

ಅವರು ಲೆಕ್ಕ ಹಾಕಿದರು. "ಇಲ್ಲ, ಆರುತ್ತೆ. ಆದ್ರೆ ಗಾಡಿಗೆ ಹೆಡ್‌ಲೈಟ್ ಇದೆಯಲ್ಲ. ಬೀದಿಗೆ ಬೆಳಕು ಸಿಕ್ಕರೆ ಆಯ್ತು, ಅದು ಮೇಲಿಂದ ಬಂದರೇನು, ಪಕ್ಕದಿಂದ ಬಂದರೇನು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆಯನ್ನು ನಮ್ಮ ಕಚೇರಿಯ ಬಾಗಿಲ ಮೇಲೆ ಕೆತ್ತಿಸಬೇಕು. ಎಂಜಿನಿಯರು ನಾಲ್ಕು ಪುಟ ಹೊಸದಾಗಿ ಸೇರಿಸಿದರು. ಫಾಸ್ಟ್ ಚಾರ್ಜರ್ ಆದರೆ ಒಂದು ಗಂಟೆ, ಮನೆಯ ಪ್ಲಗ್ ಆದರೆ ಒಂದು ಇಡೀ ರಾತ್ರಿ, ದೀಪದ ಕಂಬವಾದರೆ ಎರಡು ದಿನ ಎಂದು ಪಟ್ಟಿ ಮಾಡಿ, ಮೂರನೆಯದನ್ನು ಶಿಫಾರಸು ಮಾಡಿ ಮೇಲಕ್ಕೆ ಕಳಿಸಿದರು. ಅದರ ಹೊಟ್ಟೆಯಲ್ಲಿ ಡಾಕ್ಟರ ಕಾಗದ ತಣ್ಣಗೆ ಮಲಗಿತ್ತು.

ಶುಕ್ರವಾರ ಉಪನಿರ್ದೇಶಕಿಯವರಿಂದ ಕರೆ ಬಂತು. ಅವರು ಕಡತದಲ್ಲಿ ಸಹಿಗಳನ್ನು ಮಾತ್ರ ನೋಡುತ್ತಾರೆ. ಸಹಿ ಇದೆಯೇ ಎಂದು ನೋಡುತ್ತಾರೆ, ಯಾರದು ಎಂದು ಕೇಳುವುದಿಲ್ಲ.

"ಪುಟ ನಾಲ್ಕು. ಅತ್ತೆಯವರ ಹೇಳಿಕೆ ಇದೆ, ಸಹಿ ಇಲ್ಲ."

"ಮೇಡಂ, ಅವರು ನನ್ನ..."

"ಯಾರಾದ್ರೂ ಆಗ್ಲಿ. ಸಹಿ ಇಲ್ಲದ ಹೇಳಿಕೆ ಗಾಳಿಮಾತು."

ನನಗೆ ಒಂದು ದಾರಿ ಹೊಳೆಯಿತು. "ಕಡತ ಕೊಡಿ ಮೇಡಂ, ಸಂಜೆಗೇ ಹಾಕಿಸಿಕೊಂಡು ಬರ್ತೀನಿ."

"ಕಡತ ಕಟ್ಟಡ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ. ಅವರನ್ನೇ ಕರ್ಕೊಂಡು ಬನ್ನಿ. ನಾಳೆ ಎರಡು ಗಂಟೆಗೆ ಸಾಹೇಬರು ಸಭೆ ಇಟ್ಟಿದಾರೆ."

ಮನೆಗೆ ಬಂದಾಗ ಹೆಂಡತಿ ಡಾಕ್ಟರ ಜೊತೆ ಫೋನಿನಲ್ಲಿದ್ದಳು. ಸ್ಪೀಕರಿನಲ್ಲಿ ಅವರ ದನಿ ಕೇಳುತ್ತಿತ್ತು. "ಬೇಕರಿಯವರು ದಿನಾ ಒಂದು ಕೇಕ್ ಕಳಿಸ್ತಿದಾರಮ್ಮ. ಹಲ್ಲಿನ ಡಾಕ್ಟರ ಮನೇಲಿ ಇಷ್ಟು ಕೇಕ್ ಇರೋದು ಚೆನ್ನಾಗಿ ಕಾಣಲ್ಲ. ನಾಳೆ ನಾಲ್ಕು ಗಂಟೆ, ಮರೀಬೇಡಿ."

ಅವಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಇವತ್ತು ಬಸ್ಸು ದಾರಿಲಿ ಕೆಟ್ಟು ನಿಂತು ಮೂರು ಸ್ಯಾಂಪಲ್ ಹಾಳಾಯ್ತು. ಅದರಲ್ಲಿ ಒಬ್ಬ ಅಜ್ಜಿಗೆ ನರಾನೇ ಸಿಗಲ್ಲ, ನಾಲ್ಕು ಸಲ ಚುಚ್ಚಿ ತೆಗೆದಿದ್ದೆ. ನಾಳೆ ಮತ್ತೆ ಹೋಗಿ ಚುಚ್ಚಬೇಕು. ನೀವು ಗೆರೆ ಎಳ್ಕೊಂಡು ಮೀನಮೇಷ ಎಣಿಸ್ತಾ ಕೂತಿರಿ."

ನನಗೆ ನಿಜವಾಗಿ ನಾಚಿಕೆಯಾಯಿತು. ಬುಧವಾರದಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಹಣೆಗೆ ಕೈ ಹಚ್ಚಿ ಕೂತಳು. ಅತ್ತೆ ಮಾತ್ರ ಎದ್ದು ಬಂದು, "ನಿಮ್ಮ ಸಾಹೇಬರ ಕೋಣೇಲಿ ಕುರ್ಚಿ ಎಷ್ಟು ಎತ್ತರ ಇದೆ?" ಎಂದು ಕೇಳಿದರು. ನಾನು ಕೈಯಿಂದ ತೋರಿಸಿದೆ. "ಹಾಗಾದ್ರೆ ಬರ್ತೀನಿ," ಎಂದರು.

ಶನಿವಾರ ಎರಡು ಗಂಟೆಗೆ ಸಭೆ. ಉದ್ದ ಮೇಜು. ಆ ತುದಿಯಲ್ಲಿ ನಿರ್ದೇಶಕರು, ಈ ತುದಿಯಲ್ಲಿ ಅತ್ತೆ, ಎರಡೂ ಪಕ್ಕದಲ್ಲಿ ಮೇಲ್ವಿಚಾರಕರು, ಎಂಜಿನಿಯರು, ಉಪನಿರ್ದೇಶಕಿ. ನಾನು ಗೋಡೆಗೆ ಅಂಟಿ ನಿಂತಿದ್ದೆ. ನನ್ನ ಕಡತ ಮೇಜಿನ ನಡುವೆ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎಂಜಿನಿಯರು ಕಂಬದ ಯೋಜನೆಯನ್ನು ಮುಕ್ಕಾಲು ಗಂಟೆ ವಿವರಿಸಿದರು. ಗಡಿಯಾರ ಮೂರರ ಹತ್ತಿರ ಬಂತು.

"ಸರಿ," ಎಂದರು ನಿರ್ದೇಶಕರು. "ಸಹಿ ಒಂದು ಬಾಕಿ ಇದೆ ಅಂದ್ರಲ್ಲ." ಅತ್ತೆಯ ಕಡೆ ತಿರುಗಿ, "ತಾವು ಯಾವ ವಿಭಾಗದವರು?" ಎಂದು ಕೇಳಿದರು.

"ನಾನು ಹೆಣ್ಣು ಕೊಟ್ಟವಳು," ಎಂದರು ಅತ್ತೆ.

ಉಪನಿರ್ದೇಶಕಿ ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ಜವಾನ ಕಡತವನ್ನು ಅತ್ತೆಯ ಮುಂದಿಟ್ಟು ಪೆನ್ನು ಕೊಟ್ಟ. ಒಂದು ಸಹಿ ಬಿದ್ದರೆ ಆಯಿತು, ನಿರ್ದೇಶಕರು ಯಾವುದೋ ಆದೇಶ ಬರೆಯುತ್ತಾರೆ, ಕಡತ ಕೆಳಗೆ ಬರುತ್ತದೆ.

ಅತ್ತೆ ಪೆನ್ನು ಕೆಳಗಿಟ್ಟರು. "ಓದದೆ ನಾನು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಇವತ್ತು ಕನ್ನಡಕ ಮನೇಲೇ ಉಳೀತು. ನೀವೇ ಒಂಚೂರು ಓದಿ ಹೇಳಿ ಸಾಹೇಬ್ರೇ, ಮೊದಲನೇ ಪುಟದಿಂದ."

ನಮ್ಮ ಕಚೇರಿಯಲ್ಲಿ ಯಾರೂ ನೋಡದ ಜಾಗವೆಂದರೆ ಕಡತದ ಮೊದಲನೇ ಪುಟ. ಆದರೆ ಹಿರಿಯರು ಕೇಳಿದಾಗ ಇಲ್ಲವೆನ್ನುವುದು ಹೇಗೆ? ನಿರ್ದೇಶಕರು ಕಡತ ಎಳೆದುಕೊಂಡು ಗಟ್ಟಿಯಾಗಿ ಓದಿದರು.

"ವಿಷಯ: ಮನೆ ಬಳಕೆಗಾಗಿ ಹಲ್ಲಿನ ಡಾಕ್ಟರ ಗಾಡಿಯನ್ನು ಕೊಳ್ಳುವ ಬಗ್ಗೆ."

ಅವರು ನಿಲ್ಲಿಸಿದರು. ಯಾರೂ ಯಾರನ್ನೂ ನೋಡಲಿಲ್ಲ. ನಿರ್ದೇಶಕರು ಮುಂದಿನ ಪುಟ ತಿರುಗಿಸಿದರು. ಟಯರಿನ ಬಗ್ಗೆ ವಾಚ್‌ಮನ್ ಹೇಳಿದ್ದು ಬಂತು. ಮೊಣಕಾಲು ಬಂತು, ಅತ್ತೆ "ಇದು ಸರಿಯಾಗಿದೆ" ಎಂದು ತಲೆಯಾಡಿಸಿದರು. ಮೇಷ್ಟ್ರ ತಮ್ಮ ಬಂದ. ಕ್ಷೌರಿಕನ ಕನ್ನಡಿ ಬಂದಾಗ ಜವಾನ ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಹೋದ.

"ಇದು ನಿಮ್ಮ ಮನೆ ಕಡತ," ಎಂದರು ನಿರ್ದೇಶಕರು, ನನ್ನ ಕಡೆ ನೋಡದೆ.

"ಹೌದು ಸಾರ್."

ಮೇಲ್ವಿಚಾರಕರ ಕಡೆ ತಿರುಗಿದರು. "ನೀವು ಇದನ್ನ ಸಮಗ್ರವಾಗಿದೆ ಅಂತ ಬರ್ದಿದೀರಿ."

"ಸಮಗ್ರವಾಗೇ ಇದೆಯಲ್ಲ ಸಾರ್," ಎಂದರು ಮೇಲ್ವಿಚಾರಕರು ಸಣ್ಣ ದನಿಯಲ್ಲಿ.

"ಯಾರನ್ನೂ ಬೈಬೇಡಿ ಸಾಹೇಬ್ರೇ," ಎಂದು ಅತ್ತೆ ನಡುವೆ ಬಂದರು. "ನಮ್ಮ ಅಳಿಯಂದಿರು ಕೆಟ್ಟೋರಲ್ಲ. ಕುಡಿಯಲ್ಲ, ಸೇದಲ್ಲ. ಬರೆಯೋ ಚಟ ಒಂದಿದೆ." ಹಾಗೆನ್ನುತ್ತ ಪೆನ್ನು ತೆಗೆದುಕೊಂಡು ಪುಟ ನಾಲ್ಕರಲ್ಲಿ ಪೂರ್ತಿ ಹೆಸರಿನ ಸಹಿ ಹಾಕಿದರು.

ನಿರ್ದೇಶಕರು ಕಡತವನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ತಿರುವಿದರು. ನನ್ನ ಕೆಲಸ ಹೋಯಿತೆಂದೇ ನಾನು ತಿಳಿದೆ. ರಾಜೀನಾಮೆ ಪತ್ರದ ಒಕ್ಕಣೆ ಕೂಡ ಮನಸ್ಸಿನಲ್ಲಿ ತಯಾರಾಗಿತ್ತು.

"ಈ ಗಾಡಿ ಓಡಿಸೋರು ನೀವಾ?"

"ಇಲ್ಲ ಸಾರ್. ನನಗೆ ಸೈಕಲ್ಲೂ ಬರಲ್ಲ. ನನ್ನ ಹೆಂಡತಿ."

"ಅವರ ಅಭಿಪ್ರಾಯ ಯಾವ ಪುಟದಲ್ಲಿದೆ?"

ನಾನು ಬಾಯಿ ತೆರೆದೆ. ಪುಟಸಂಖ್ಯೆ ಹೊರಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಒಂದು ಕಡತದ ಪುಟಸಂಖ್ಯೆ ನನಗೆ ನೆನಪಾಗಲಿಲ್ಲ, ಏಕೆಂದರೆ ಆ ಪುಟವೇ ಇರಲಿಲ್ಲ. ಹನ್ನೊಂದು ಜನರನ್ನು ಕೇಳಿದ್ದೆ. ಗಾಡಿಯನ್ನೇ ನೋಡದವನನ್ನು ಕೇಳಿದ್ದೆ. ಅತ್ತೆ ನನ್ನನ್ನು ನೋಡಿ, ಸೂರಿನ ಫ್ಯಾನು ನೋಡಿ, ಮತ್ತೆ ನನ್ನನ್ನು ನೋಡಿದರು.

ನಿರ್ದೇಶಕರು ಕೆಂಪು ಶಾಯಿಯ ಪೆನ್ನು ತೆಗೆದು ಬರೆದರು. 'ಓಡಿಸುವವರ ಅಭಿಪ್ರಾಯವಿಲ್ಲದೆ ಮಂಡಿಸಲಾಗಿದೆ. ಕಡತ ಅಪೂರ್ಣ. ಇಂದೇ ಪಡೆಯತಕ್ಕದ್ದು. ಹಿಂದಿರುಗಿಸಿದೆ.' ಸಹಿ ಮಾಡಿ ಕಡತವನ್ನು ನನ್ನ ಕಡೆ ತಳ್ಳಿದರು. ಎಂಜಿನಿಯರು ತಮ್ಮ ನಾಲ್ಕು ಪುಟವನ್ನಾದರೂ ಬಿಚ್ಚಿಕೊಡಿ ಎಂದು ಕೇಳುತ್ತಿದ್ದರು. ನಾನು ಆಗಲೇ ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಅತ್ತೆಯನ್ನು ಹಿಡಿದು ಮೆಟ್ಟಿಲಿಳಿಯುತ್ತಿದ್ದೆ.

ಗಂಟೆ ಮೂರೂವರೆ. ಡಾಕ್ಟರ ಮನೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅತ್ತೆಯ ಮೊಣಕಾಲು ಲೆಕ್ಕಕ್ಕೆ ಹಿಡಿದರೆ ಒಂದೂಕಾಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವ ಹಾಗಾಗಿ ಗೇಟಿನ ಹೊರಗೆ ಬಂದರೆ, ಎದುರಿಗೇ ಆ ಗಾಡಿ ನಿಂತಿತ್ತು. ಹೆಂಡತಿ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಹಿಂದಿನ ಸೀಟಿನಲ್ಲಿ ಡಾಕ್ಟರು, ಮೊಣಕಾಲು ಗಲ್ಲಕ್ಕೆ ಹಚ್ಚಿಕೊಂಡು.

ಅವಳು ಮಧ್ಯಾಹ್ನ ಕೆಲಸ ಮುಗಿಸಿ ನೇರ ಅವರ ಮನೆಗೆ ಹೋಗಿ ಇದ್ದ ಸಂಗತಿ ಹೇಳಿದ್ದಳಂತೆ. ಡಾಕ್ಟರು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹಲ್ಲು ಕಿತ್ತವರು. "ಆಫೀಸಿನಿಂದ ಕಡತ ಹೊರಗೆ ಬರೋದು ದವಡೆ ಹಲ್ಲಿಗಿಂತ ಕಷ್ಟ. ನಾವೇ ಹೋಗಿ ಬಾಗಿಲಲ್ಲಿ ನಿಲ್ಲೋಣ ನಡೀರಿ," ಎಂದು ತಾವೇ ಹೊರಟುಬಂದಿದ್ದರು.

ನಾನು ದಾರ ಬಿಚ್ಚಿ ಅನುಬಂಧ ಒಂದನ್ನು ಹೊರತೆಗೆದೆ. ಬಾನೆಟ್ಟಿನ ಮೇಲಿಟ್ಟು ಹೆಂಡತಿ ತನ್ನ ಸಹಿ ಹಾಕಿದಳು. ಡಾಕ್ಟರು ತೂತು ಹೊಡೆದಿದ್ದ ನೋಂದಣಿ ಪತ್ರವನ್ನು ಬೆಳಕಿಗೆ ಹಿಡಿದು, ಆ ತೂತಿನೊಳಗಿಂದ ನನ್ನನ್ನು ನೋಡಿ, ಅವಳಿಗೆ ಕೊಟ್ಟರು. ಗಂಟೆ ಮೂರೂ ಮುಕ್ಕಾಲು. ಗಾಡಿ ಅವಳದಾಯಿತು. ಅವಳು ಬಾನೆಟ್ಟನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅವಳ ಮುಖದಲ್ಲಿ ಅಂಥ ನಗು ನೋಡಿ ನನಗೆ ಬಹಳ ದಿನವಾಗಿತ್ತು. ನನಗೂ ಖುಷಿಯಾಯಿತು.

ಡಾಕ್ಟರನ್ನು ಮನೆಗೆ ಬಿಡಲು ಹೊರಟೆವು. ಅತ್ತೆ ಮುಂದಿನ ಸೀಟು ಹತ್ತಿ ಕಾಲು ಚಾಚಿದರು. ಡಾಕ್ಟರೂ ನಾನೂ ಹಿಂದೆ. ಮಡಿಲಲ್ಲಿ ಕಡತ; ಕೆಂಪು ಶಾಯಿಯಲ್ಲಿ 'ಇಂದೇ ಪಡೆಯತಕ್ಕದ್ದು' ಎಂಬ ಆದೇಶ. ಆದೇಶವೆಂದರೆ ಆದೇಶ. ನಾನು ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಗಾಡಿ ಅಲುಗದೆ ಹೋಗುತ್ತಿದ್ದುದರಿಂದ ಗೆರೆ ನೇರವಾಗಿ ಬಂತು. ಆಮೇಲೆ ಡಾಕ್ಟರ ಕಡೆ ಸ್ವಲ್ಪ ವಾಲಿ, ಅವಳಿಗೆ ಕೇಳಿಸದ ಹಾಗೆ, ಕಿವಿಯಲ್ಲಿ ಹೇಳಿದೆ. "ಹೆಂಗಸರು ಇಂಥ ವಿಷಯದಲ್ಲಿ ಸ್ವಲ್ಪ ಅವಸರ ಡಾಕ್ಟ್ರೇ. ಅದಕ್ಕೇ ನಾನು ಕೊನೆಗೆ ಕೇಳೋಣ ಅಂತ ಇಟ್ಕೊಂಡಿದ್ದೆ."

ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಕಂಡಿತು.

"ಬರ್ಕೊಳ್ಳಿ," ಎಂದಳು. "ಗುಣ: ಎಂಜಿನ್ ಸದ್ದೇ ಇಲ್ಲ."

ಬರೆದೆ. "ದೋಷ?"

"ಸದ್ದೇ ಇಲ್ಲ. ಹಿಂದೆ ಕೂತವರು ಪಿಸುಗುಟ್ಟಿದ್ದೂ ಕೇಳಿಸುತ್ತೆ."

ನಾನು ತಲೆ ತಗ್ಗಿಸಿ ಅದನ್ನೂ ಬರೆದೆ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ಟಿಪ್ಪಣಿ ಪೂರ್ತಿಯಾಗಬೇಕಲ್ಲ ಎಂದು, "ಇನ್ನೇನಾದರೂ ಇದೆಯಾ?" ಎಂದು ಕೇಳಿದೆ.

"ಬೇಕಾದಷ್ಟಿದೆ. ಡಾಕ್ಟ್ರು ಇಳಿದ ಮೇಲೆ ಹೇಳ್ತೀನಿ."

ಅಷ್ಟರಲ್ಲಿ ಡಾಕ್ಟರ ಮನೆಯ ಗೇಟು ಬಂತು. ಅವರು ಇಳಿಯಲಿಲ್ಲ. ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡು, ಸೀಟಿಗೆ ಚೆನ್ನಾಗಿ ಒರಗಿದರು.

"ನನಗೇನೂ ಅವಸರ ಇಲ್ಲಮ್ಮ," ಎಂದರು. "ಇನ್ನೊಂದು ಸುತ್ತು ಹೋಗೋಣ."